ತಂದನೋ, ತೆಗೆದುಕೊಂಡನೋ

2019ರ ಜುಲೈ ತಿಂಗಳ ಒಂದು ಬೆಳಿಗ್ಗೆ, ನಮ್ಮೂರಿನಿಂದ ಧಾರವಾಡಕ್ಕೆ ಹೊರಡುವ ಒಂದೇ ಬಸ್ಸಿನಲ್ಲಿ, ಕೊಲೆಯಾದವರ ಮನೆಯವರೂ ಕೊಲೆ ಮಾಡಿದವನ ಮನೆಯವರೂ ಕುಳಿತಿದ್ದೆವು. ಎರಡೂ ಒಂದೇ ಮನೆತನ. ಸತ್ತವರು ನನ್ನ ದೊಡ್ಡಪ್ಪ. ಜೀವಾವಧಿ ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದವನು ನನ್ನ ಚಿಕ್ಕಪ್ಪನ ಮಗ. ನನ್ನ ಪಕ್ಕದಲ್ಲಿ ದೊಡ್ಡವ್ವ ಇದ್ದಳು, ನಾಲ್ಕು ಸೀಟು ಹಿಂದೆ ಚಿಕ್ಕವ್ವ ಇದ್ದಳು. ಏಳು ವರ್ಷಗಳಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಕಂಡಕ್ಟರ್ ಪರಿಚಯದವನಾದ್ದರಿಂದ ಎಲ್ಲಿಗೆ ಎಂದು ಯಾರನ್ನೂ ಕೇಳದೆ ಟಿಕೆಟ್ ಕೊಟ್ಟು ಮುಂದೆ ಹೋದ.

ಅಜ್ಜನ 12 ಎಕರೆ ಎರೆಹೊಲವನ್ನು ಮೂವರು ಗಂಡುಮಕ್ಕಳು ಹಿರಿಯರ ಎದುರಿಗೆ ಬಾಯಿಮಾತಿನಲ್ಲಿ ವಾಟಣಿ, ಅಂದರೆ ಪಾಲು, ಮಾಡಿಕೊಂಡಿದ್ದರು. ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವ ಪೋಡಿ ಆಗಲೇ ಇಲ್ಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮೂವರ ಹೆಸರೂ ಜಂಟಿಯಾಗಿಯೇ ಉಳಿದವು. ಕಲ್ಲು ನೆಡದ ಎರೆಮಣ್ಣಿನ ಬದು ಮಳೆಗೆ ಕರಗುತ್ತದೆ, ಕುಂಟೆಗೆ ಸವೆಯುತ್ತದೆ, ಯಾರ ಕಡೆಗೆ ಸವೆಯಿತು ಎಂಬುದು ನೋಡುವವನು ಯಾವ ಕಡೆ ನಿಂತಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿ ಕರೆಸಿದ ಸರ್ವೇಯರ್, ಸರ್ವೇ ನಂಬರಿನ ಹೊರಗಡಿಯನ್ನಷ್ಟೇ ಅಳೆದು ತೋರಿಸಬಲ್ಲೆ, ಒಳಗಿನ ಬದು ನನ್ನ ನಕ್ಷೆಯಲ್ಲೇ ಇಲ್ಲ ಎಂದು ಹೇಳಿ ಹೋದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಪಾಲು ಹಳ್ಳದ ಕಡೆಗಿದ್ದು ತಂಟೆಯ ಬದುವಿಗೆ ತಾಗುತ್ತಿರಲಿಲ್ಲ; ಹಾಗಾಗಿ ಎರಡೂ ಕಡೆಯವರಿಗೆ ಬುದ್ಧಿ ಹೇಳುವ ಜಾಗದಲ್ಲಿ ಇದ್ದವರು ನಾವೇ, ಆದರೆ ಊರ ಮುಂದೆ ಕೆಟ್ಟವರಾಗುವುದು ಬೇಡವೆಂದು ಸುಮ್ಮನಿದ್ದೆವು.

2012ರ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ಮೂರನೆಯ ದಿನ, ಚಿಕ್ಕಪ್ಪನ ಮಗನಾದ ಆ ನನ್ನ ತಮ್ಮನ ಕುಂಟೆ ಬದು ದಾಟಿ ಎರಡು ಸಾಲು ಆಚೆ ಹೋಯಿತು. ದೊಡ್ಡಪ್ಪ ಎತ್ತುಗಳಿಗೆ ಅಡ್ಡ ನಿಂತು ಮೂಗುದಾರ ಹಿಡಿದರು. ಬೈಗುಳ, ತಳ್ಳಾಟ, ನಂತರ ತಲೆಯ ಮೇಲೆ ಕೊಡಲಿಯ ಒಂದು ಏಟು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿಯೇ ಅವರ ಜೀವ ಹೋಯಿತು. 2015ರಲ್ಲಿ ಸೆಷನ್ಸ್ ನ್ಯಾಯಾಲಯ ಭಾರತೀಯ ದಂಡ ಸಂಹಿತೆಯ 302ನೆಯ, ಅಂದರೆ ಕೊಲೆಯ, ಕಲಮಿನಡಿ ಜೀವಾವಧಿ ಶಿಕ್ಷೆ ವಿಧಿಸಿತು, ಅವನು ಅದರ ಮೇಲೆ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಿದ.

ಹೈಕೋರ್ಟಿನ ಆ ಪೀಠ ಇರುವುದು ಊರೊಳಗಲ್ಲ, ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲೆ, ಬೇಲೂರು ಕೈಗಾರಿಕಾ ಪ್ರದೇಶದ ಬಳಿ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು. ಅದಕ್ಕೂ ಮುಂಚೆ ಆಗಿದ್ದರೆ ದೊಡ್ಡವ್ವನನ್ನು ರಾತ್ರಿಯಿಡೀ ಪ್ರಯಾಣ ಮಾಡಿಸಿ ಬೆಂಗಳೂರಿಗೆ ಕರೆದೊಯ್ಯಬೇಕಾಗುತ್ತಿತ್ತು. ಒಳಗೆ ಹೋಗುವಾಗ ಅವಳು ಚಪ್ಪಲಿ ಬಿಡಲು ಬಗ್ಗಿದಳು, ಬೇಡವೆಂದೆ. ತಮ್ಮನನ್ನು ಕರೆತಂದಿರಬಹುದೆಂದು ಅವಳ ಕಣ್ಣು ಹುಡುಕುತ್ತಿತ್ತು. ಮೇಲ್ಮನವಿಯ ವಿಚಾರಣೆಗೆ ಆರೋಪಿಯಾಗಲಿ ಸಾಕ್ಷಿಗಳಾಗಲಿ ಸಾಮಾನ್ಯವಾಗಿ ಬರಬೇಕಿಲ್ಲ, ಕೆಳಗಿನ ನ್ಯಾಯಾಲಯದ ಕಾಗದಗಳೇ ಅಲ್ಲಿ ಮಾತನಾಡುತ್ತವೆ ಎಂದು ನಾನು ವಿವರಿಸಿದ್ದು ಅವಳಿಗೆ ಅಷ್ಟಾಗಿ ನಂಬಿಕೆಯಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಸರದಿ ಬಂತು. ಇಬ್ಬರು ನ್ಯಾಯಮೂರ್ತಿಗಳ ಪೀಠ. ಅವನ ವಕೀಲರು ಕೊಂದದ್ದನ್ನು ಅಲ್ಲಗಳೆಯಲೇ ಇಲ್ಲ. ಇದು 300ನೆಯ ಕಲಮಿನ ನಾಲ್ಕನೆಯ ಅಪವಾದಕ್ಕೆ ಸೇರುತ್ತದೆ, ಅಂದರೆ ಮುಂಚಿತವಾಗಿ ಯೋಚಿಸದೆ, ಹಠಾತ್ತನೆ ಎದ್ದ ಜಗಳದ ಆವೇಶದಲ್ಲಿ, ಕ್ರೂರವಾಗಿ ನಡೆದುಕೊಳ್ಳದೆ ಮಾಡಿದ ಕೃತ್ಯ ಎಂಬುದಷ್ಟೇ ಅವರ ವಾದ. ಅದು ಒಪ್ಪಿಗೆಯಾದರೆ 302 ಹೋಗಿ, ಕೊಲೆಯೆನಿಸದ ನರಹತ್ಯೆಯ ಕಲಮಾದ 304 ಬರುತ್ತಿತ್ತು, ಜೀವಾವಧಿಯ ಬದಲು ಎಣಿಸಬಹುದಾದ ವರ್ಷಗಳು ಬರಬಹುದಿತ್ತು. ಸರ್ಕಾರಿ ವಕೀಲರು ಹಳೆಯ ಭೂವ್ಯಾಜ್ಯವನ್ನೇ ಹಿಡಿದು ದ್ವೇಷವಿತ್ತು ಎಂದರೆ, ಅವನ ವಕೀಲರು ಅದೇ ವ್ಯಾಜ್ಯವನ್ನು ಹಿಡಿದು, ಅಷ್ಟು ವರ್ಷ ಜಗಳವಿದ್ದೂ ಕೈ ಎತ್ತದವನು ಅಂದೇ ಏಕೆ ಎತ್ತಿದ ಎಂದು ಕೇಳಿದರು. ನಮ್ಮ ಹೊಲ ಎರಡೂ ಕಡೆಯ ವಾದಕ್ಕೆ ಬಂತು, ಆದರೆ ಆ ಎರಡು ಸಾಲು ಯಾರವು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಆ ನ್ಯಾಯಾಲಯದ ಪ್ರಶ್ನೆಯೂ ಆಗಿರಲಿಲ್ಲ.

ಕೊನೆಗೆ ಮಾತು ಕೊಡಲಿಗೆ ಬಂದು ನಿಂತಿತು. ಅವನು ಅದನ್ನು ಮನೆಯಿಂದ ತಂದಿದ್ದನೋ, ಅಲ್ಲೇ ಬಿದ್ದದ್ದನ್ನು ಎತ್ತಿಕೊಂಡನೋ? ಸಾಕ್ಷ್ಯದ ಇಂಗ್ಲಿಷ್ ಅನುವಾದದಲ್ಲಿ ‘ಬ್ರಾಟ್’, ಅಂದರೆ ‘ತಂದ’, ಎಂದಿತ್ತು. ನ್ಯಾಯಮೂರ್ತಿಗಳೊಬ್ಬರು ಮೂಲ ಕನ್ನಡವನ್ನು ಓದಿಸಿದರು. ದೊಡ್ಡವ್ವನ ಸಾಕ್ಷ್ಯದಲ್ಲಿ ‘ಕೊಡಲಿ ತೆಗೆದುಕೊಂಡು ಬಂದು ಹೊಡೆದನು’ ಎಂದಿತ್ತು. ಎತ್ತಿಕೊಂಡು ಮೈಮೇಲೆ ಬಂದ ಎಂದೂ ಅದಕ್ಕೆ ಅರ್ಥವಾಗಬಹುದಲ್ಲವೇ ಎಂದು ಅವನ ವಕೀಲರು ಕೇಳಿ, ಸ್ಥಳ ಪಂಚನಾಮೆಯಲ್ಲಿ ಬದುವಿನ ಮೇಲೆ ಹೊಸದಾಗಿ ಕಡಿದ ಜಾಲಿಯ ಟೊಂಗೆಗಳು ಇದ್ದವೆಂದು ಬರೆದಿರುವುದನ್ನು ತೋರಿಸಿದರು. ಆಗ ಸರ್ಕಾರಿ ವಕೀಲರು, ಠಾಣೆಗೆ ಕೊಟ್ಟ ಫಿರ್ಯಾದಿಯಲ್ಲಿ ಸಂದೇಹಕ್ಕೆ ಆಸ್ಪದವೇ ಇಲ್ಲ ಎನ್ನುತ್ತ, ನಿಶಾನೆ ಪಿ-1 ಎಂದು ಗುರುತು ಹಾಕಿದ್ದ ಅದನ್ನು ಓದಿದರು: ‘ಮನೆಯಿಂದ ಕೊಡಲಿಯನ್ನು ತಂದು.’

ಆ ಫಿರ್ಯಾದಿಯನ್ನು ಬರೆದವನು ನಾನು.

ದೊಡ್ಡಪ್ಪ ಸತ್ತ ದಿನ ಸಂಜೆ ಠಾಣೆಯ ಬೆಂಚಿನ ಮೇಲೆ ದೊಡ್ಡವ್ವ ಅಳುತ್ತ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಅವಳು ಅಂದದ್ದು ‘ಕೊಡ್ಲಿ ತಗೊಂಡ ಬಂದಾ, ಹೊಡದಾ’ ಎಂದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಆ ಮಾತನ್ನು ಹಾಗೆಯೇ ಕಾಗದಕ್ಕೆ ಇಳಿಸುವುದು ಒರಟಾಗಿ ಕಂಡಿತು. ‘ಮನೆಯಿಂದ’ ಎಂಬ ಪದ ಎಲ್ಲಿಂದ ಬಂತೆಂದು ಎಷ್ಟು ಯೋಚಿಸಿದರೂ ಒಂದೇ ಉತ್ತರ ಸಿಗುತ್ತದೆ: ವಾಕ್ಯ ತುಂಬಿದಂತೆ ಕಾಣಲಿ ಎಂದು ಹಾಕಿದ್ದೆ. ಸಿಟ್ಟೂ ಇತ್ತು, ಇಲ್ಲವೆನ್ನುವುದಿಲ್ಲ. ಮುಂದೆ ವಿಚಾರಣೆಯಲ್ಲಿ ನನ್ನನ್ನೂ ಸಾಕ್ಷಿಯಾಗಿ ಕರೆದಿದ್ದರು. ಅಕ್ಷರ ನಿಮ್ಮದೇ ಹೌದೇ ಎಂದು ಕೇಳಿದರು, ಹೌದು ಎಂದು ಇಳಿದು ಬಂದೆ. ದೊಡ್ಡವ್ವ ಮಾತ್ರ ತನ್ನ ಸಾಕ್ಷ್ಯದಲ್ಲಿ ಆ ಪದವನ್ನು ಆಡಿರಲಿಲ್ಲ. ನ್ಯಾಯಮೂರ್ತಿಗಳು ಗಮನಿಸಿದ್ದೂ ಅದನ್ನೇ. ಹೇಳಿದವರ ಬಾಯಲ್ಲಿಲ್ಲದ ಪದ ಬರೆದವರ ಕೈಯಲ್ಲಿ ಹೇಗೆ ಬಂತು ಎಂದು ಅವರು ಕೇಳಿದಾಗ, ಸರ್ಕಾರಿ ವಕೀಲರ ಬಳಿ ಉತ್ತರವಿರಲಿಲ್ಲ. ಉತ್ತರವಿದ್ದ ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ.

ಆದೇಶ ಕಾಯ್ದಿರಿಸಿ ಪೀಠ ಎದ್ದಿತು. ಹೊರಗೆ ಬಂದು ದೊಡ್ಡವ್ವ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿಯುತ್ತ, ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ಏನು ವಾದ ನಡೆಯಿತು ಎಂದು ಕೇಳಿದಳು. ಕೊಡಲಿ ಮನೆಯಿಂದ ತಂದದ್ದೋ, ಹೊಲದಲ್ಲೇ ಇತ್ತೋ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದೆ.

“ಜಾಲಿ ಕಡೀಲಿಕ್ಕಂತ ಬಂಡ್ಯಾಗ ಇಟ್ಟಿರ್ತಿದ್ದಾ. ಎಲ್ಲಾರ ಬಂಡ್ಯಾಗೂ ಇರ್ತದಲ್ಲಪಾ, ನಿನಗ ಗೊತ್ತಿಲ್ಲೇನು?” ಎಂದಳು.

ಗೊತ್ತಿತ್ತು. ನಮ್ಮ ಬಂಡಿಯಲ್ಲೂ ಇರುತ್ತಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಯಾರ ಕೇಳ್ಯಾರ?” ಎಂದಳು. ಅವನಿಗೆ ಶಿಕ್ಷೆಯಾಗಬಾರದೆಂದು ಅವಳು ಎಂದೂ ಬಯಸಿರಲಿಲ್ಲ, ಅಂದೂ ಬಯಸಲಿಲ್ಲ. ಕೊಡಲಿ ಬಂಡಿಯಲ್ಲಿತ್ತು ಎಂಬುದು ಅವಳ ಮಟ್ಟಿಗೆ ಕ್ಷಮೆಗೆ ಸಂಬಂಧಿಸಿದ ಮಾತೇ ಅಲ್ಲ. ಇದ್ದದ್ದು ಇದ್ದ ಹಾಗೆ. ಸಂಜೆ ಅದೇ ಬಸ್ಸಿನಲ್ಲಿ ಎಲ್ಲರೂ ಮರಳಿದೆವು.

ಸೆಪ್ಟೆಂಬರಿನಲ್ಲಿ ತೀರ್ಪು ಬಂತು. 302ರ ಶಿಕ್ಷೆಯನ್ನು ರದ್ದುಪಡಿಸಿ, 304ನೆಯ ಕಲಮಿನ ಮೊದಲ ಭಾಗದಡಿ 10 ವರ್ಷ ವಿಧಿಸಿದ್ದರು. ಜೈಲಿನಲ್ಲಿ ಕಳೆದ ಏಳು ವರ್ಷ ಅದರಲ್ಲೇ ಸೇರುತ್ತಿತ್ತು. ಕೆಳಗಿನ ನ್ಯಾಯಾಲಯವೇ ಕಡಿಮೆ ಕಲಮು ಹಾಕಿದ್ದರೆ ದೊಡ್ಡವ್ವ ಸಂತ್ರಸ್ತೆಯಾಗಿ ತಾನೇ ಹೈಕೋರ್ಟಿಗೆ ಹೋಗಬಹುದಿತ್ತು, ಈಗ ಹೋಗುವುದಾದರೆ ದೆಹಲಿಗೇ ಹೋಗಿ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಕೇಳಬೇಕು ಎಂದು ನಮ್ಮ ವಕೀಲರು ತಿಳಿಸಿದರು. ದೊಡ್ಡವ್ವ ಬೇಡವೆಂದಳು. ಕಾರಣ ಹೇಳಲಿಲ್ಲ. ಆ ರಾತ್ರಿ ಅವಳು ಊಟ ಮಾಡಲಿಲ್ಲ ಎಂದು ಸೊಸೆ ಮರುದಿನ ತಿಳಿಸಿದಳು.

ಮುಂದಿನ ವರ್ಷ ಮೂರೂ ಮನೆಯವರು ಒಪ್ಪಿ ಪೋಡಿ ಮಾಡಿಸುವುದೆಂದು ಆಯಿತು. ಚಿಕ್ಕವ್ವ ತನ್ನ ಒಪ್ಪಿಗೆಯನ್ನು ಮಗಳ ಕೈಯಲ್ಲಿ ಹೇಳಿ ಕಳಿಸಿದ್ದಳು. ದೊಡ್ಡವ್ವನ ಅರ್ಜಿ ಬರೆಯುವ ಕೆಲಸ ಮತ್ತೆ ನನಗೇ ಬಂತು. ಬರೆದು ಮುಗಿಸಿ, ಹೆಬ್ಬೆಟ್ಟು ಒತ್ತಿಸುವ ಮುಂಚೆ, ಮೊದಲ ಸಾಲಿನಿಂದ ನಿಧಾನವಾಗಿ ಓದಿ ಹೇಳಿದೆ. ‘ಒತ್ತುವರಿ’ ಎಂಬಲ್ಲಿಗೆ ಬಂದಾಗ ಅವಳು ಕೈ ಅಡ್ಡ ಹಿಡಿದು, ಹಂಗಂದರೇನು ಎಂದು ಕೇಳಿದಳು. ಹೇಳಿದೆ.

“ಎರಡ ಸಾಲು ಅಂತ ಬರಿ,” ಎಂದಳು.

ಆ ಪದವನ್ನು ಹೊಡೆದುಹಾಕಿ, ಮೇಲೆ ಹಾಗೆಯೇ ಬರೆದೆ.