ನೋವಾಗದ ಜಾಗ

ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಸಕ್ಕರೆ ಕಾಯಿಲೆಯವರಿಗೆ ಕಲಿಸುವುದು, ಕಲಿತ ಮೇಲೆ ಅವರ ಬದುಕು ಹಗುರವಾಯಿತೇ ಎಂದು ಅಳೆಯುವುದು, ಇದೇ ನನ್ನ ಸಂಶೋಧನೆ. ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳಿ, ಪ್ರತಿ ಉತ್ತರಕ್ಕೂ 1ರಿಂದ 5ರವರೆಗೆ ಅಂಕ ಹಾಕಬೇಕು.

ಮೊದಲ ಪ್ರಶ್ನೆಯಲ್ಲೇ ತಡೆ. "ನಿಮ್ಮ ಜೀವನದ ಗುಣಮಟ್ಟ ಹೇಗಿದೆ?" ಎಂದರೆ ವಯಸ್ಸಾದ ಹೆಂಗಸರು, "ಮಗನಿಗೆ ಕೆಲಸ ಸಿಕ್ಕಿದೆ, ಸೊಸೆಗೆ ಐದು ತಿಂಗಳು" ಎನ್ನುತ್ತಾರೆ. ಗುಣಮಟ್ಟ ಎನ್ನುವುದು ಅವರಿಗೆ ಬಿತ್ತನೆ ಬೀಜದ ಮಾತು. ಜೀವನ ಎನ್ನುವುದು ಇಡೀ ಮನೆಯದು. ಅದನ್ನು ತಪ್ಪು ಉತ್ತರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಳೆಯ ಅಂಚಿನಲ್ಲಿ ಅವರ ಮಾತನ್ನೂ ಬರೆದಿಡುತ್ತೇನೆ.

ಬೆಳಗಿನ ಮೊದಲ ಬಸ್ಸಿಗೆ ಬರುವ ಒಬ್ಬ ಅಜ್ಜಿ ಇದ್ದಾರೆ. ಅವರ ಸಕ್ಕರೆ ಒಂದು ದಿನ 300 ದಾಟಿದರೆ ಇನ್ನೊಂದು ದಿನ 60ಕ್ಕೆ ಇಳಿಯುತ್ತಿತ್ತು. ಹಾಗೆ ಇಳಿದಾಗ ನಡುರಾತ್ರಿ ಮೈಯೆಲ್ಲ ಬೆವರಿ, ಕೈ ನಡುಗಿ ಏಳುತ್ತಿದ್ದರು. ಎರಡು ತಿಂಗಳ ಹಿಂದೆಯೇ ಅವರಿಗೆ ಎಲ್ಲವನ್ನೂ ಹೇಳಿಕೊಟ್ಟಿದ್ದೆ. ಅವರು ತಲೆಯಾಡಿಸಿದ್ದರು, ನಾನು "ಶಿಕ್ಷಣ ನೀಡಲಾಗಿದೆ" ಎಂಬಲ್ಲಿ ಗುರುತು ಹಾಕಿದ್ದೆ.

ಈ ಸಲ, "ಅಜ್ಜಿ, ಮನೆಯಲ್ಲಿ ಹೇಗೆ ಹಾಕಿಕೊಳ್ಳುತ್ತೀರೋ ಹಾಗೇ ತೋರಿಸಿ" ಎಂದೆ. ಸೆರಗು ಸರಿಸಿದರು. ಹೊಕ್ಕುಳಿನ ಎಡಕ್ಕೆ ನಿಂಬೆಹಣ್ಣಿನಷ್ಟು ಗಂಟು, ಮುಟ್ಟಿದರೆ ರಬ್ಬರಿನಂತೆ. ಸೂಜಿ ನೇರ ಅಲ್ಲಿಗೇ ಹೋಯಿತು.

"ಇಲ್ಲಿ ನೋವಾಗುವುದಿಲ್ಲ ಮೇಡಂ."

ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದಡಿಯ ಕೊಬ್ಬು ಹೀಗೆ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ, ಆದರೆ ಇನ್ಸುಲಿನ್ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆಯಲ್ಲಿ ರಕ್ತ ಸೇರುತ್ತದೆ. ಜಾಗ ಬದಲಿಸಿ ಎಂದು ನಾನು ಬಾಯಲ್ಲಿ ಹೇಳಿದ್ದೆ, ಹೊಟ್ಟೆ ಮುಟ್ಟಿ ನೋಡಿರಲಿಲ್ಲ. ಆ ತಪ್ಪು ನನ್ನದು.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗ, ಚುಚ್ಚಿನಿಂದ ಚುಚ್ಚಿಗೆ ಒಂದು ಬೆರಳು ಅಂತರ ಎಂದು ವಿವರಿಸುತ್ತಿದ್ದಾಗ ಅಜ್ಜಿಯೇ, "ಚುಕ್ಕಿ ಇಟ್ಟ ಹಾಗೆ" ಎಂದರು. ರಂಗೋಲಿ ಹಾಕುವ ಕೈ. ನನ್ನ ಚಿತ್ರಪಟಕ್ಕಿಂತ ಅದು ಸ್ಪಷ್ಟವಾಗಿತ್ತು. ಒಳ್ಳೆಯ ಜಾಗಕ್ಕೆ ಚುಚ್ಚಿದರೆ ಅದೇ ಪ್ರಮಾಣ ಹೆಚ್ಚಾಗಿ ಸಕ್ಕರೆ ಕುಸಿಯಬಹುದು. ಹಾಗಾಗಿ ಅಂದೇ ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಿದೆವು. (ಮನೆಯಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ಸೀಸೆ ತಂಪಾಗಿರಲೆಂದು ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ಕಾಪಾಡಿದ್ದರು. ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.)

ಕಳೆದ ವಾರ ಮತ್ತೆ ಪ್ರಶ್ನೆಪಟ್ಟಿ ಹಿಡಿದು ಕುಳಿತೆವು. ನೋವಿನ ಪ್ರಶ್ನೆಗೆ ಬಂದ ಉತ್ತರ ಮೊದಲಿಗಿಂತ ಕೆಟ್ಟಿತ್ತು: "ಹೊಸ ಜಾಗ, ಚುರ್ ಎನ್ನುತ್ತದೆ." ನಿದ್ರೆಯ ಪ್ರಶ್ನೆಗೆ ಹಿಂದೆ 2 ಎಂದಿದ್ದವರು 4 ಎಂದರು.

"ರಾತ್ರಿ ಬೆವರಿ ಎದ್ದಿಲ್ಲ. ಸೊಸೆಯೂ ನಿದ್ದೆ ಮಾಡುತ್ತಾಳೆ."

ಸೊಸೆಯ ನಿದ್ದೆಗೆ ಪಟ್ಟಿಯಲ್ಲಿ ಅಂಕಣವಿಲ್ಲ. ಅಂಚಿನಲ್ಲಿ ಬರೆದುಕೊಂಡೆ.