ರಾಮಗಢದ ಬಂಡೆ, ರಾಮನಗರದ ಗೇಟು

ಹಿಂದಿ ಸಿನಿಮಾ ‘ಶೋಲೆ’ಯ ಚಿತ್ರೀಕರಣದ ಜಾಗ ನೋಡಲೆಂದು ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದವರು ಬಹಳಷ್ಟು ಮಂದಿ ಅರ್ಧ ಗಂಟೆಯಲ್ಲೇ ಮುಖ ಸಪ್ಪೆ ಮಾಡಿಕೊಂಡು ವಾಪಸಾಗುತ್ತಾರೆ. ಠಾಕೂರನ ಮನೆ ಇಲ್ಲ, ಮಸೀದಿ ಇಲ್ಲ, ವೀರೂ ಹತ್ತಿ ಕೂಗಾಡಿದ ನೀರಿನ ಟ್ಯಾಂಕ್ ಇಲ್ಲ, ಬಸಂತಿಯ ಟಾಂಗಾ ಓಡಿದ ಹಳ್ಳಿಬೀದಿಯೂ ಇಲ್ಲ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ ಎಬ್ಬಿಸಿ ನಿಲ್ಲಿಸಿದ್ದ ರಾಮಗಢವೆಂಬ ಇಡೀ ಊರನ್ನು ಕೆಲಸ ಮುಗಿದ ಮೇಲೆ ಕಿತ್ತುಹಾಕಲಾಯಿತು. ನಿಂತಿರುವುದು ಬಂಡೆ ಮಾತ್ರ. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದೂ ಬಂಡೆಯನ್ನೇ. ಹಾಗೆ ಹುಡುಕುವವರಿಗೆ ಈ ಬೆಟ್ಟ ಅರ್ಧ ಗಂಟೆಯದ್ದಲ್ಲ, ಪೂರ್ತಿ ಒಂದು ದಿನದ್ದು.

1973ರ ಅಕ್ಟೋಬರ್‌ನಲ್ಲಿ ಇಲ್ಲಿ ಕ್ಯಾಮೆರಾ ಓಡಲು ಶುರುವಾಯಿತು. ಸಿನಿಮಾ ಬಿಡುಗಡೆಯಾದದ್ದು 1975ರ ಆಗಸ್ಟ್ 15ಕ್ಕೆ. ಅಲ್ಲಿಂದೀಚೆಗೆ ಮರಗಳು ಎದ್ದಿವೆ, ಬಿದ್ದಿವೆ. ಹೊಲ ಸೈಟಾಗಿದೆ, ಕಾಲುದಾರಿ ಟಾರು ಕಂಡಿದೆ. ಮರವನ್ನೋ ದಾರಿಯನ್ನೋ ಗುರುತಿಟ್ಟುಕೊಂಡು ಹೊರಟರೆ ದಾರಿ ತಪ್ಪುವುದು ಖಂಡಿತ. ಬಂಡೆಯ ಮಾತು ಬೇರೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವುದು ಇದನ್ನೇ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ನೆನಪಿಗೆ ರಾಮನಗರಕ್ಕೆ ಹಿಂದೆ ಇದ್ದ ಹೆಸರು ಕ್ಲೋಸ್‌ಪೇಟೆ. ಊರು ಆ ಹೆಸರು ಬಿಟ್ಟರೂ ಕಲ್ಲು ಬಿಟ್ಟಿಲ್ಲ. ವಯಸ್ಸು ಸುಮಾರು 250 ಕೋಟಿ ವರ್ಷ. ಐವತ್ತು ವರ್ಷ ಅದಕ್ಕೆ ಯಾವ ಲೆಕ್ಕ? ಸಿನಿಮಾದಲ್ಲಿ ಕಾಣುವ ಸೀಳು, ನೀರು ಹರಿದ ಕಪ್ಪು ಪಟ್ಟೆ, ಒಂದರ ಮೇಲೊಂದು ಕೂತ ಗುಂಡು ಎಲ್ಲವೂ ಹಾಗೆಯೇ ಇವೆ.

ಮನೆಯಲ್ಲೇ ಮಾಡಿಕೊಂಡು ಹೋಗಬೇಕಾದ ಕೆಲಸ ಒಂದಿದೆ. ಸಿನಿಮಾ ಹಾಕಿ, ಬಂಡೆಗಳ ಸಾಲು ಆಕಾಶಕ್ಕೆ ಎದುರಾಗಿ ಸ್ಪಷ್ಟವಾಗಿ ಕಾಣುವ ಎಂಟು ಹತ್ತು ಚಿತ್ರ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಎಲ್ಲರೂ ಗಬ್ಬರ್ ‘ಕಿತ್ನೇ ಆದ್ಮೀ ಥೇ’ ಎನ್ನುವ ಚಿತ್ರವನ್ನೇ ಹಿಡಿದು ಬರುತ್ತಾರೆ. ಅದರಲ್ಲಿ ಮುಖವೇ ಅರ್ಧ ಪರದೆ ತುಂಬಿರುತ್ತದೆ, ಹಿಂದಿನ ಕಲ್ಲು ಮಸುಕು. ಅದರಿಂದ ಏನೂ ಗಿಟ್ಟುವುದಿಲ್ಲ. ನಿಜವಾದ ನಿಧಿ ಇರುವುದು ಎಲ್ಲರೂ ಮುಂದಕ್ಕೆ ಓಡಿಸುವ ಹೆಸರು ತೋರಿಸುವ ಭಾಗದಲ್ಲಿ. ರೈಲಿಳಿದ ಜೈಲರ್ ಮತ್ತು ಠಾಕೂರನ ಆಳು ರಾಮಲಾಲ್ ಕುದುರೆಯೇರಿ ಸಾಗುವಾಗ ಕ್ಯಾಮೆರಾಕ್ಕೆ ಭೂದೃಶ್ಯ ತೋರಿಸುವುದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲ. ಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ. ಇನ್ನೊಂದು ಮಾತು: ರೈಲು ದರೋಡೆಯ ದೃಶ್ಯವನ್ನು ರಾಮನಗರದಲ್ಲಿ ಹುಡುಕಬೇಡಿ. ಅದನ್ನು ತೆಗೆದದ್ದು ಮುಂಬಯಿ–ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ತಿರ.

ಸ್ಕ್ರೀನ್‌ಶಾಟ್ ತೆಗೆಯುವಾಗ ಯಾವ ಪ್ರತಿ ನೋಡುತ್ತಿದ್ದೀರಿ ಎಂಬುದೂ ಮುಖ್ಯ. ‘ಶೋಲೆ’ 70 ಎಂಎಂ ಎಂದು ಹೆಸರು ಮಾಡಿದರೂ ಚಿತ್ರೀಕರಿಸಿದ್ದು 35 ಎಂಎಂ ಫಿಲಂನಲ್ಲಿ. ಆಮೇಲೆ ಅದನ್ನು ಅಗಲಕ್ಕೆ ಹಿಗ್ಗಿಸಿದರು. ಹಿಗ್ಗಿಸಿದಾಗ ಮೇಲೆ ಕೆಳಗೆ ಕತ್ತರಿ ಬಿತ್ತು. ಹೀಗಾಗಿ ಅಗಲದ ಪ್ರತಿಯಲ್ಲಿ ಬೆಟ್ಟದ ನೆತ್ತಿ ಕಾಣದಿದ್ದರೆ ಅದೇ ದೃಶ್ಯವನ್ನು ಹಳೆಯ ಚೌಕಾಕಾರದ ಪ್ರತಿಯಲ್ಲಿ ನೋಡಿ. ಎಷ್ಟೋ ಕಡೆ ನೆತ್ತಿ ಅಲ್ಲಿ ಉಳಿದಿರುತ್ತದೆ, ಗುರುತು ಹಿಡಿಯುವುದು ಸುಲಭವಾಗುತ್ತದೆ.

ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಆಸುಪಾಸು. ಮೆಮು ರೈಲು ಹಿಡಿದರೆ ಸುಮಾರು ಒಂದು ಗಂಟೆಗೆ ರಾಮನಗರ ನಿಲ್ದಾಣ, ಅಲ್ಲಿಂದ ಆಟೊ. ಆಟೊದವರನ್ನು ವಾಪಸಿಗೂ ಮಾತಾಡಿಕೊಂಡೇ ಹತ್ತಿ; ಬೆಟ್ಟದ ಗೇಟಿನ ಬಳಿ ಖಾಲಿ ಆಟೊ ಸಿಗುವುದು ಪುಣ್ಯವಿದ್ದರೆ. ಕಾರಿನವರು ಎಡವುವುದು ಎಕ್ಸ್‌ಪ್ರೆಸ್‌ವೇಯಲ್ಲಿ. 2023ರಲ್ಲಿ ತೆರೆದ ಆ ರಸ್ತೆ ಬಿಡದಿ, ರಾಮನಗರ ಎರಡನ್ನೂ ಬಳಸಿ ಹೊರಗಿನಿಂದಲೇ ಹೋಗುತ್ತದೆ. ಹೊರಬೀಳುವ ದಾರಿ ಒಮ್ಮೆ ತಪ್ಪಿತೆಂದರೆ ಎಡಬದಿಯಲ್ಲಿ ಬೆಟ್ಟವೋ ಬಲಬದಿಯಲ್ಲಿ ಬೆಟ್ಟವೋ ಎಂದು ತಲೆ ಕೆರೆದುಕೊಳ್ಳುತ್ತ ಚನ್ನಪಟ್ಟಣದ ಕಡೆಗೆ ತೇಲಿಹೋಗುತ್ತೀರಿ. ಬೈಕಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ. ಹಳೆ ಮೈಸೂರು ರಸ್ತೆಯೇ ವಾಸಿ. ಬಿಡದಿಯ ತಟ್ಟೆ ಇಡ್ಲಿಯೂ ಆ ದಾರಿಯಲ್ಲೇ ಸಿಗುವುದು. ಬೆಣ್ಣೆ ಹಾಕಿದ ಬಿಸಿ ಇಡ್ಲಿಗೆ ಎಕ್ಸ್‌ಪ್ರೆಸ್‌ವೇ ಬದಿಯ ಯಾವ ಫುಡ್ ಕೋರ್ಟೂ ಸಾಟಿಯಲ್ಲ. ಬೆಂಗಳೂರು ಕಡೆಯಿಂದ ಬರುವಾಗ ರಾಮನಗರ ಪೇಟೆ ಸಿಗುವ ಮೊದಲೇ ಬಲಕ್ಕೆ ತಿರುಗಬೇಕು.

ಬೆಟ್ಟ ಈಗ ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. 2012ರಲ್ಲಿ ಇದನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಹಗಲು ಹೊತ್ತು ಮಾತ್ರ ಪ್ರವೇಶ, ಸಂಜೆಗೆ ಮುಂಚೆಯೇ ಗೇಟು ಬಂದ್. ಟಿಕೆಟ್ಟಿಗೆ ಕೈಯಲ್ಲಿ ಚಿಲ್ಲರೆ ಇರಲಿ. ಡ್ರೋನ್ ತರಬೇಡಿ, ಇದು ವನ್ಯಜೀವಿಧಾಮ. ಮೇಲಿನ ರಾಮೇಶ್ವರ ಗುಡಿಯ ತನಕ ಸುಮಾರು 400 ಮೆಟ್ಟಿಲು. ಗ್ರಾನೈಟ್ ಹನ್ನೊಂದರ ಹೊತ್ತಿಗೆ ಕಾದ ಕಾವಲಿಯಾಗುತ್ತದೆ. ಗುಡಿಯ ಬಳಿ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕಾಲಿಡುವಾಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ತೊಂದರೆ ಬೇರೆ: ಕಪ್ಪಗೆ ಕಾಣುವ ಪಟ್ಟೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಸವೆದ ಅಟ್ಟೆ ನಿಲ್ಲುವುದಿಲ್ಲ. ಬಿಳಿಚಿದ ಒರಟು ಕಲ್ಲಿನ ಮೇಲೆಯೇ ಹೆಜ್ಜೆ ಇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದಿದ್ದರೆ ಕೋತಿಗಳು ಒಳಗೇನಿದೆ ಎಂದು ವಿಚಾರಿಸದೆ ಕಿತ್ತುಕೊಳ್ಳುತ್ತವೆ.

ಈಗ ಬಂಡೆ ಹೊಂದಿಸುವ ಕೆಲಸ. ಸ್ಕ್ರೀನ್‌ಶಾಟಿನಲ್ಲಿ ಎರಡು ಬಂಡೆ ಆರಿಸಿಕೊಳ್ಳಿ, ಒಂದು ಹತ್ತಿರದ್ದು, ಇನ್ನೊಂದು ದೂರದ್ದು. ಹತ್ತಿರದ ಬಂಡೆಯ ಅಂಚು ದೂರದ ಬಂಡೆಯ ಯಾವ ಸೀಳಿಗೆ ತಗುಲಿಕೊಂಡಂತೆ ಕಾಣುತ್ತದೆ ಎಂದು ನೋಡಿಟ್ಟುಕೊಳ್ಳಿ. ಜಾಗದಲ್ಲಿ ನಿಂತಾಗ ಆ ಅಂಚು ಸೀಳಿನ ಎಡಕ್ಕೆ ಬಿದ್ದಿದ್ದರೆ ನೀವೂ ಎಡಕ್ಕೆ ಸರಿಯಬೇಕು, ಬಲಕ್ಕಿದ್ದರೆ ಬಲಕ್ಕೆ. ಎರಡೂ ತಾಗುವ ತನಕ ಸರಿಯುತ್ತ ಹೋದರೆ ಕ್ಯಾಮೆರಾ ಇದ್ದ ಗೆರೆ ಸಿಕ್ಕಿತು. ಆ ಗೆರೆಯ ಮೇಲೆ ಎಲ್ಲಿ ಎಂಬುದು ಇನ್ನೂ ಬಾಕಿ. ಅದಕ್ಕೆ ಚಿತ್ರದ ಇನ್ನೊಂದು ಬದಿಯಿಂದ ಮತ್ತೊಂದು ಜೋಡಿ ಬೇಕು. ಎರಡನೆಯ ಜೋಡಿಯೂ ಹೊಂದುವವರೆಗೆ ಮೊದಲ ಗೆರೆ ಬಿಡದೆ ಹಿಂದೆ ಮುಂದೆ ನಡೆಯಿರಿ. ಎರಡು ಗೆರೆ ಕೂಡುವ ಜಾಗವೇ ಟ್ರೈಪಾಡ್ ನಿಂತ ಜಾಗ. ಎತ್ತರವೂ ಹೀಗೆಯೇ: ಹತ್ತಿರದ ಬಂಡೆ ದೂರದ ಗುಡ್ಡವನ್ನು ಸಿನಿಮಾದಲ್ಲಿ ಕಂಡದ್ದಕ್ಕಿಂತ ಹೆಚ್ಚು ಮುಚ್ಚಿದರೆ ನೀವು ತಗ್ಗಿನಲ್ಲಿದ್ದೀರಿ ಎಂದೇ ಅರ್ಥ. ಅಕ್ಕಪಕ್ಕದಲ್ಲಿ ಹತ್ತಲು ಕಲ್ಲಿಲ್ಲದಿದ್ದರೆ ಅಂದು ಕ್ರೇನ್ ಇಟ್ಟಿದ್ದರೆಂದು ಲೆಕ್ಕ ಹಾಕಿ ಬಿಟ್ಟುಬಿಡಿ.

ಜಾಗ ಸರಿಯಾಗಿದ್ದೂ ಫೋಟೊದಲ್ಲಿ ಗುಡ್ಡ ಪುಟ್ಟದಾಗಿ ಕಾಣುವುದು ಎಲ್ಲರ ದೂರು. ಫೋನಿನ ಮಾಮೂಲು ಲೆನ್ಸ್ ತುಂಬ ಅಗಲ, 24–26 ಎಂಎಂ ಲೆಕ್ಕದ್ದು. ಗುಡ್ಡ ಊರಿನ ಬೆನ್ನಿಗೇ ಬಂದು ನಿಂತಂತೆ ಕಾಣುವ ದೃಶ್ಯಗಳನ್ನು ದೂರದಿಂದ ಉದ್ದ ಲೆನ್ಸ್ ಹಾಕಿ ತೆಗೆದಿರುತ್ತಾರೆ. ಹತ್ತಿರ ಹೋಗಿ ಉಪಯೋಗವಿಲ್ಲ. ನಿಂತಲ್ಲೇ ನಿಂತು ಎರಡು ಮೂರು ಪಟ್ಟು ಜೂಮ್ ಮಾಡಿ.

ದಿಕ್ಕು ತಿಳಿಯಲು ನೆರಳು ಸಾಕು. ರಾಮನಗರ ಇರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ನೆರಳೇ ಇರುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ಚಿತ್ರೀಕರಣ ಅಕ್ಟೋಬರ್‌ನಲ್ಲಿ ಶುರುವಾಗಿದ್ದರಿಂದ, ಗಿಡ್ಡ ನೆರಳಿನ ದೃಶ್ಯ ಸಿಕ್ಕರೆ ಮೊದಲು ಈ ಲೆಕ್ಕ ಹಾಕಿ ಕ್ಯಾಮೆರಾ ಯಾವ ಕಡೆ ಮುಖ ಮಾಡಿತ್ತೆಂದು ನೋಡಬಹುದು.

ಇಷ್ಟೆಲ್ಲ ಯಾಕೆ, ಊರವರನ್ನೇ ಕೇಳಿದರೆ ಆಗದೇ ಎನ್ನಬಹುದು. ಬೆಟ್ಟದ ಬುಡದಲ್ಲಿ ಎಳನೀರು ಕೊಚ್ಚುವ ಹಿರಿಯರೊಬ್ಬರ ಉತ್ತರ ಕೇಳಿ.

“ಬಂದೋರೆಲ್ಲ ಗಬ್ಬರ್ ಯಾವ ಬಂಡೆ ಮ್ಯಾಲೆ ಕುಂತಿದ್ದ ಅಂತಾರೆ ಕಣಣ್ಣ.”

“ನೀವೇನು ಹೇಳ್ತೀರಿ?”

“ಅವರು ಯಾವ ಬಂಡೆ ಕಡೆ ನೋಡ್ತಾವ್ರೋ ಅದ್ನೇ ತೋರಿಸ್ತೀನಿ. ಅಷ್ಟು ದೂರದಿಂದ ಬಂದವ್ರೆ, ಇಲ್ಲ ಅನ್ನಕ್ಕಾಯ್ತದಾ?”

“ನಿಜವಾದ್ದು ಯಾವುದು ಹಂಗಾದ್ರೆ?”

“ಮುಕ್ಕಾಲು ಪಾಲು ಬೇಲಿ ಒಳಗೈತೆ. ಅಲ್ಲಿಗೆ ನಿಮ್ಮನ್ನ ಬಿಡಲ್ಲ, ನಾನೂ ಹೋಗಲ್ಲ. ಹದ್ದು ಮೊಟ್ಟೆ ಇಡೋ ಜಾಗ. ಗಂಜಿ ಬೇಕಾ, ನೀರು ಬೇಕಾ?”

ಇದಕ್ಕಿಂತ ಪ್ರಾಮಾಣಿಕವಾದ ಗೈಡು ಸಿಗುವುದು ಕಷ್ಟ. ದುಡ್ಡು ಇಸಿದುಕೊಂಡು ಇದೇ ಸುಳ್ಳನ್ನು ಹಿಂದಿಯಲ್ಲಿ ಹೇಳುವವರೂ ಇದ್ದಾರೆ. ಅವರು ತೋರಿಸಿದ ಬಂಡೆಗೆ ಸ್ಕ್ರೀನ್‌ಶಾಟ್ ಹಿಡಿದು ನೋಡಿ, ಸೀಳು ಹೊಂದದಿದ್ದರೆ ನಯವಾಗಿ ಮುಂದೆ ನಡೆಯಿರಿ.

ಹಿರಿಯರು ಹೇಳಿದ ಹದ್ದಿನ ಮಾತು ತಮಾಷೆಯದ್ದಲ್ಲ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಇಂಥ ಕಡಿದಾದ ಬಂಡೆಗಳ ಚಾಚಿನಲ್ಲೇ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು, ದೇಶದ ತುಂಬ ಈ ಹಕ್ಕಿಗಳು ಸತ್ತವು. ದನಗಳಿಗೆ ಆ ಔಷಧಿ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಚಳಿಗಾಲ ಮರಿ ಮಾಡುವ ಕಾಲ; ಗಬ್ಬರ್ ಡೈಲಾಗ್ ಕೂಗಿ ಪ್ರತಿಧ್ವನಿ ಕೇಳುವ ಚಪಲ ಇದ್ದವರು ಅದನ್ನು ಮನೆಯ ಬಚ್ಚಲಲ್ಲಿ ತೀರಿಸಿಕೊಳ್ಳಲಿ. ದುರ್ಬೀನು ತಂದಿದ್ದರೆ ಬಂಡೆಯ ಮೇಲೆ ಸುಣ್ಣ ಸುರಿದಂತೆ ಬೆಳ್ಳಗೆ ಇಳಿದ ಹಿಕ್ಕೆಯ ಗುರುತು ಹುಡುಕಿ, ಅದರ ಮೇಲ್ಗಡೆ ಚಾಚು ನೋಡಿ.

ಬೇಲಿಯಿಂದ ಆಗುವ ನಷ್ಟಕ್ಕೆ ಒಂದು ಪರಿಹಾರವಿದೆ, ಅದು ಸಿಗುವುದು ಸಂಜೆ, ಗೇಟಿನಾಚೆ. ಅಮಿತಾಭ್ ಹೊರಗೆ ಮೌತ್ ಆರ್ಗನ್ ನುಡಿಸುತ್ತ ಕೂತಿರುವಾಗ ಜಯಾ ದೀಪಗಳ ಜೊತೆ ಓಡಾಡುವ ದೃಶ್ಯಗಳು ನೆನಪಿವೆಯಲ್ಲ? ಪರದೆಯ ಮೇಲೆ ಎರಡು ಸಣ್ಣ ತುಣುಕು. ತೆಗೆಯಲು ಹಿಡಿದದ್ದು 20 ದಿನ. ಕಾರಣ ಬೆಳಕು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಮುಳುಗುತ್ತಾನೆ. ಮುಳುಗಿದ ಮೇಲೆ ಕೆಲಸಕ್ಕೆ ಬರುವ ಮಬ್ಬು ಉಳಿಯುವುದು ಇಪ್ಪತ್ತು ನಿಮಿಷ ಆಸುಪಾಸು. ಅದರೊಳಗೂ ದೀಪದ ಬೆಳಕು ಮತ್ತು ಆಕಾಶದ ಬೆಳಕು ಸರಿಸಮ ಇರುವುದು ಕೆಲವೇ ನಿಮಿಷ. ಮುಂಚೆ ತೆಗೆದರೆ ದೀಪ ಉರಿಯುತ್ತಿದೆ ಎನ್ನಿಸುವುದಿಲ್ಲ, ತಡವಾದರೆ ಹಿನ್ನೆಲೆ ಕಪ್ಪು. ಒಂದು ಟೇಕ್ ಕೆಟ್ಟರೆ ಮಾರನೆಯ ಸಂಜೆ. ಮೋಡ ಬಂದರೆ ಅದೂ ಇಲ್ಲ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಕೈಯಲ್ಲಿದ್ದ ಫಿಲಂ ಇಂದಿನ ಫೋನುಗಳ ಹಾಗೆ ಕತ್ತಲನ್ನು ನುಂಗಿ ಬೆಳಕು ಕಕ್ಕುತ್ತಿರಲಿಲ್ಲ.

ಈ ಬೆಳಕಿಗೆ ಟಿಕೆಟ್ ಇಲ್ಲ. ಗೇಟಿನಿಂದ ಹೊರಬಂದು, ಬೆಟ್ಟದ ಸಾಲು ಪೂರ್ತಿ ಕಾಣುವ ಹಾಗೆ ರಸ್ತೆಬದಿಯಲ್ಲಿ ವಾಹನಗಳಿಗೆ ಅಡ್ಡವಾಗದಂತೆ ನಿಲ್ಲಿ. ಯಾರಾದರೂ ಎಣ್ಣೆ ಹಣತೆಯನ್ನೋ, ಟಾರ್ಚಿಗೆ ಹಳದಿ ಕಾಗದ ಸುತ್ತಿಯೋ ಹಿಡಿದರೆ ಸಾಕು. ಫೋನಿನ ನೈಟ್ ಮೋಡ್ ಆಫ್ ಮಾಡಿ. ಇಲ್ಲದಿದ್ದರೆ ಅದು ಸಂಜೆಯನ್ನು ಮಧ್ಯಾಹ್ನ ಮಾಡಿಬಿಡುತ್ತದೆ. ಪರದೆಯಲ್ಲಿ ಆಕಾಶದ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗಿಳಿಸಿ, ಸೂರ್ಯ ಮುಳುಗಿ ಹತ್ತು ನಿಮಿಷವಾದ ಮೇಲೆ ಕ್ಲಿಕ್ಕಿಸಲು ಶುರುಮಾಡಿ. ಎಷ್ಟು ಬೇಗ ಆ ನೀಲಿ ಕೈತಪ್ಪುತ್ತದೆಂದು ನೋಡಿದ ಮೇಲೆ 20 ದಿನದ ಲೆಕ್ಕ ಅತಿಶಯ ಅನ್ನಿಸುವುದಿಲ್ಲ.

ಮಾರನೆಯ ದಿನ ಬಿಡುವಿದ್ದರೆ ಸಾವನದುರ್ಗ. ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಬಿಹಾರದ ಬರಾಬರ್ ಗುಹೆಗಳನ್ನು ನೋಡಿ, ಚಪ್ಪಟೆ, ಕಣ್ಣಿಗೆ ಹಿಡಿಸುವುದಿಲ್ಲ ಎಂದು ಬಿಟ್ಟು, ಸಾವನದುರ್ಗ ಮತ್ತು ಇದೇ ರಾಮದೇವರ ಬೆಟ್ಟವನ್ನು ಆರಿಸಿಕೊಂಡರು. ಇಲ್ಲಿ ಗುಹೆ ಬೇಕಾದ ಕಡೆ ಇರಲಿಲ್ಲ. ಬಂಡೆಯಲ್ಲಿ ಸಣ್ಣ ಬಾಯಿಗಳನ್ನು ಚಿತ್ರತಂಡವೇ ಕೊರೆಯಿಸಿತು. 250 ಕೋಟಿ ವರ್ಷದ ಕಲ್ಲಿಗೆ ಸಿನಿಮಾಕ್ಕಾಗಿ ತೂತು ಹೊಡೆಯುವುದು ಯಾವ ನ್ಯಾಯ ಎಂದು ಕೇಳಬಹುದು, ಆದರೆ ಅಂದು ಕೇಳಿದವರಿದ್ದಂತಿಲ್ಲ. ಮಾಗಡಿ ರಸ್ತೆಯಿಂದ ಹೋಗಬೇಕು. ಬುಡದಲ್ಲಿ ವೀರಭದ್ರ ಮತ್ತು ನರಸಿಂಹ ಸ್ವಾಮಿಯ ಗುಡಿಗಳಿವೆ. ಇಲ್ಲಿ ಮೆಟ್ಟಿಲಿಲ್ಲ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಏರಿದ ಒಂದೇ ಬಂಡೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ತೊಡೆ ನಡುಗುತ್ತದೆ. ಮಳೆ ಬಂದ ದಿನ ಹತ್ತಲೇಬೇಡಿ. ತಲೆಗೆ ಎರಡು ಲೀಟರ್ ನೀರು ಬೇಕು, ಮೇಲೆ ಹನಿಯೂ ಸಿಗುವುದಿಲ್ಲ. ಎರಡು ಬೆಟ್ಟವನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆಯ ಆ ಹತ್ತು ನಿಮಿಷ ಮಾಗಡಿ ರಸ್ತೆಯ ಟ್ರಾಫಿಕ್ಕಿಗೆ ಹೋಗುತ್ತದೆ.