ಚೂರನ್ನು ಮಗುಚಿ ನೋಡುವ ಕೆಲಸ

ಬರ್ಲಿನ್ನಿನ ಲಿಖ್ಟನ್‌ಬೆರ್ಗ್ ಬಡಾವಣೆಯಲ್ಲಿರುವ, ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿಯ ಹಳೆಯ ಕೇಂದ್ರ ಕಚೇರಿಯಲ್ಲಿ ಈ ವಾರ ಕಂಡದ್ದು ಇಷ್ಟೇ. ಮೇಜಿನ ಮೇಲೆ ಹರಿದ ಕಾಗದದ ಚೂರುಗಳು. ಎದುರಿಗೆ ಕೂತಿದ್ದ ಹೆಂಗಸು ಒಂದು ಚೂರನ್ನೆತ್ತಿ ಇನ್ನೊಂದರ ಪಕ್ಕಕ್ಕಿಟ್ಟರು. ಅಂಚಿಗೆ ಅಂಚು ಕೂತಿತು. ಇನ್ನು ಅಂಟಿಸುತ್ತಾರೆ ಅಂದುಕೊಂಡರೆ ಅಂಟಿಸಲಿಲ್ಲ, ಎರಡನ್ನೂ ಮಗುಚಿ ಹಿಂಬದಿ ನೋಡಿದರು. ಪಕ್ಕದಲ್ಲಿ ನಿಂತಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೇಳಿದರು: “ಮೂವತ್ತೈದು ವರ್ಷ ಆಯ್ತಲ್ಲ, ಇನ್ನು ಯಾರಿಗೋಸ್ಕರ ಇದನ್ನ ಅಂಟಿಸ್ತೀರಿ?” ಆಕೆ ತಲೆ ಎತ್ತಲಿಲ್ಲ. “ಒಂದು ನಿಮಿಷ ಇರಿ, ಹಿಂಬದಿ ಹೊಂದ್ತಾ ಇಲ್ಲ” ಅಂದರು.

ಆ ಹಿರಿಯರ ದನಿಯಲ್ಲಿ ಕುಹಕವಿರಲಿಲ್ಲ, ದಣಿವಿತ್ತು. ಆದರೂ ಆ ಪ್ರಶ್ನೆ ಬೇಸರ ತರಿಸಿತು. 1990ರಿಂದಲೂ ಇದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತಲೇ ಇದೆ. ಆಗ ಕೇಳಿದವರು ದೊಡ್ಡ ರಾಜಕಾರಣಿಗಳು. ಸ್ಟಾಸಿ ಜನರ ಮೇಲೆ ಇಟ್ಟಿದ್ದ ಕಡತ ತೆರೆದರೆ ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಮುಚ್ಚಿಡುವುದೇ ಒಳ್ಳೆಯದು ಎಂದು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ.

ಈ ಚೂರುಗಳನ್ನು ತುಂಬಿಟ್ಟ ಮೂಟೆಗಳು ಹುಟ್ಟಿದ್ದು 1989ರ ಕೊನೆಯ ತಿಂಗಳುಗಳಲ್ಲಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಸ್ಟಾಸಿ ಅಧಿಕಾರಿಗಳು ಕಡತ ಸುಡಲು, ಯಂತ್ರಕ್ಕೆ ಕೊಟ್ಟು ಸೀಳಲು ಶುರುಮಾಡಿದರು. ಡಿಸೆಂಬರ್ 4ರಂದು ಎರ್ಫುರ್ಟ್ ನಗರದಲ್ಲಿ ಕಡತ ಸುಡುತ್ತಿದ್ದಾರೆಂಬ ಸುದ್ದಿ ಹಬ್ಬಿ, ಹೆಂಗಸರ ಒಂದು ಗುಂಪು ಮುಂದಾಗಿ ಜಿಲ್ಲಾ ಕಚೇರಿಯನ್ನು ಹಿಡಿಯಿತು. ಬೇರೆ ಊರುಗಳು ಹಿಂಬಾಲಿಸಿದವು. ಬರ್ಲಿನ್ನಿನ ಕೇಂದ್ರ ಕಚೇರಿಗೆ ಜನ ನುಗ್ಗಿದ್ದು 1990ರ ಜನವರಿ 15ರಂದು. ನಡುವಿನ ವಾರಗಳಲ್ಲಿ ಹೊಗೆ ಹೊರಗೆ ಕಾಣುತ್ತದೆಂದು ಸುಡುವಂತಿರಲಿಲ್ಲ, ಸೀಳುವ ಯಂತ್ರಗಳು ಆ ಭಾರ ತಾಳುವಷ್ಟಿರಲಿಲ್ಲ. ಹಾಗಾಗಿ ಕೈಯಲ್ಲೇ ಹರಿದು ಮೂಟೆಗೆ ತುಂಬಿದರು. ಆಮೇಲೆ ನಾಶಮಾಡಿದರಾಯಿತು ಎಂಬ ಲೆಕ್ಕ. ಆ ‘ಆಮೇಲೆ’ ಬರಲೇ ಇಲ್ಲ. ಹೀಗೆ ಉಳಿದ ಮೂಟೆಗಳು ಸುಮಾರು 16,000. ಅವುಗಳಲ್ಲಿ 4ರಿಂದ 5.5 ಕೋಟಿ ಪುಟಗಳಿವೆ ಎಂಬುದು ಅಂದಾಜು.

ಕಪಾಟಿನಲ್ಲಿ ಕಟ್ಟಿಟ್ಟಿದ್ದ ಹಳೆಯ ಕಡತಗಳನ್ನು ಕೈಯಲ್ಲಿ ಹರಿಯುತ್ತ ಕೂರಲು ಯಾರಿಗೂ ಪುರಸೊತ್ತಿರಲಿಲ್ಲ. ಹರಿದದ್ದು ಹೆಚ್ಚಾಗಿ ಮೇಜಿನ ಮೇಲಿದ್ದ, ಆಗಷ್ಟೇ ನಡೆಯುತ್ತಿದ್ದ ಕೆಲಸದ ಕಾಗದಗಳನ್ನು: ಬಾತ್ಮೀದಾರರ ವರದಿ, ವಿರೋಧಿಗಳ ಮೇಲೆ ಹೂಡಿದ್ದ ಯೋಜನೆ, ಕ್ರೀಡಾಪಟುಗಳಿಗೆ ಸರ್ಕಾರವೇ ಕೊಡಿಸುತ್ತಿದ್ದ ಉದ್ದೀಪನ ಮದ್ದಿನ ದಾಖಲೆ. ಯಾವುದು ಹೊರಬರಬಾರದೆಂದು ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಅನ್ನಿಸಿತ್ತೋ ಅದರ ಆಯ್ಕೆಯನ್ನು ಅವರ ಕೈಯೇ ಮಾಡಿಕೊಟ್ಟಿದೆ.

ಜೋಡಿಸುವ ಕೆಲಸ ಶುರುವಾಗುವುದು ಮೂಟೆ ಬಿಚ್ಚುವಲ್ಲಿ. ಮೂಟೆಯನ್ನು ಸುರಿಯಬಾರದು. ಒಬ್ಬ ಅಧಿಕಾರಿ ಒಂದು ಕಟ್ಟನ್ನು ಒಟ್ಟಿಗೇ ಹರಿದು ಒಟ್ಟಿಗೇ ಎಸೆದಿರುತ್ತಾನೆ, ಆದ್ದರಿಂದ ಒಂದು ಪುಟದ ಚೂರುಗಳು ಹತ್ತಿರಹತ್ತಿರವೇ ಬಿದ್ದಿರುತ್ತವೆ. ಸುರಿದರೆ ಆ ಕ್ರಮ ಕೆಡುತ್ತದೆ, ಒಂದು ದಿನದ ಕೆಲಸ ಒಂದು ತಿಂಗಳಾಗುತ್ತದೆ. ಪದರ ಪದರವಾಗಿ ಕೈಯಲ್ಲಿ ತೆಗೆಯಬೇಕು. ಸ್ಟೇಪ್ಲರ್ ಪಿನ್ನು, ಕ್ಲಿಪ್ಪು ಬಿಡಿಸಿ, ಮಡಿಕೆ ನೀವಿ ಚಪ್ಪಟೆ ಮಾಡಬೇಕು. ಆಮೇಲೆ ಬೇರ್ಪಡಿಸುವುದು: ಕಾಗದದ ಬಣ್ಣ, ದಪ್ಪ, ಗೆರೆಯಿದೆಯೋ ಇಲ್ಲವೋ, ಟೈಪ್ ಮಾಡಿದ್ದೋ ಕೈಬರಹವೋ, ಶಾಯಿ ಯಾವುದು. ಕಾರ್ಬನ್ ಪ್ರತಿಯ ತೆಳು ಹಾಳೆಗಳದೇ ಒಂದು ರಾಶಿ. ನಾಲ್ಕೈದು ಚೂರಾಗಿ ಹರಿದ ಪುಟ ಬೇಗ ಸೇರುತ್ತದೆ. ಹತ್ತಾರು ಚೂರಾದದ್ದು ದಿನಗಟ್ಟಲೆ ಮೇಜಿನ ಮೇಲೇ ಉಳಿಯುತ್ತದೆ.

ಅಂಚು ಕೂಡಿದ ಮಾತ್ರಕ್ಕೆ ನಂಬಬಾರದು. ನಾಲ್ಕು ಹಾಳೆಯನ್ನು ಒಟ್ಟಿಗೆ ಹಿಡಿದು ಹರಿದರೆ ನಾಲ್ಕರದೂ ಅಂಚು ಒಂದೇ ತರಹ ಇರುತ್ತದೆ. ಎರಡನೆಯ ಹಾಳೆಯ ಮೇಲ್ಭಾಗ ಮೂರನೆಯದರ ಕೆಳಭಾಗಕ್ಕೆ ಹೊಂದಿಬಿಡುತ್ತದೆ. ಹೊಂದಿದ್ದು ನಿಜವೋ ಅಲ್ಲವೋ ಎಂದು ಹೇಳುವುದು ಹರಿದ ಗೆರೆಯನ್ನು ದಾಟಿ ಹೋಗುವ ಅಕ್ಷರ, ಮತ್ತು ಹಿಂಬದಿ. ಹಿಂದೆ ಇರುವ ಸಹಿಯ ಬಾಲ, ಮೊಹರಿನ ಅರ್ಧಚಂದ್ರ, ಒತ್ತಿ ಬರೆದ ಪೆನ್ನಿನ ಉಬ್ಬು. ಆಕೆ ಮಗುಚಿ ನೋಡಿದ್ದು ಇದಕ್ಕೆ. ತಪ್ಪು ಜೋಡಿಸಿದ ಪುಟ ಹರಿದ ಪುಟಕ್ಕಿಂತ ಕೆಟ್ಟದ್ದು. ಒಬ್ಬರ ಹೆಸರು ಇನ್ನೊಬ್ಬರ ವರದಿಯ ತಲೆಗೆ ಹೋಗಿ ಕೂತರೆ ಆ ಸುಳ್ಳಿಗೆ ದಾಖಲೆಯ ಮರ್ಯಾದೆ ಸಿಕ್ಕಿಬಿಡುತ್ತದೆ.

ಅಂಗಡಿಯ ಸೆಲೋಟೇಪು ಬಳಸುವಂತಿಲ್ಲ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಾಗದದೊಳಗೆ ಇಳಿದು ಹಳದಿ ಕಲೆ ಬಿಡುತ್ತದೆ, ಪ್ಲಾಸ್ಟಿಕ್ ಒಣಗಿ ಉದುರುತ್ತದೆ. ಆಮ್ಲವಿಲ್ಲದ, ಆಚೆಯ ಅಕ್ಷರ ಕಾಣುವಷ್ಟು ತೆಳುವಾದ ದಾಖಲಾತಿ ಟೇಪೇ ಆಗಬೇಕು. ಮರದ ತಿರುಳಿನ ಅಗ್ಗದ ಕಾಗದ ಸುಮ್ಮನಿಟ್ಟರೂ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಆದ್ದರಿಂದ ಲಕೋಟೆ, ಪೆಟ್ಟಿಗೆಗಳೂ ಆಮ್ಲರಹಿತವಾಗಿರಬೇಕು, ಕೋಣೆಯ ತಂಪು, ತೇವ ವರ್ಷವಿಡೀ ಒಂದೇ ಸಮ ಇರಬೇಕು.

ಈ ಕೈಕೆಲಸ 1995ರಲ್ಲಿ ನ್ಯೂರೆಂಬರ್ಗ್ ಹತ್ತಿರದ ಟ್ಸಿರ್ನ್‌ಡೋರ್ಫ್‌ನಲ್ಲಿ ಶುರುವಾಯಿತು. ಇಷ್ಟು ವರ್ಷಗಳಲ್ಲಿ ಸೇರಿಸಿದ್ದು 15 ಲಕ್ಷಕ್ಕೂ ಹೆಚ್ಚು ಪುಟ, ಖಾಲಿಯಾದದ್ದು 500ಕ್ಕೂ ಹೆಚ್ಚು ಮೂಟೆ. ಕಂಪ್ಯೂಟರಿಗೆ ಕೊಡಬಾರದೇಕೆ? ಕೊಟ್ಟರು. ಫ್ರೌನ್‌ಹೋಫರ್ ಎಂಬ ಜರ್ಮನ್ ಸಂಶೋಧನಾ ಸಂಸ್ಥೆಯ ಜೊತೆ 2007ರಲ್ಲಿ ಪ್ರಯೋಗ ಶುರುವಾಯಿತು, ಗುರಿ 400 ಮೂಟೆ. ಬಣ್ಣ, ಅಂಚಿನ ಆಕಾರ, ಗೆರೆ, ಬರಹ ನೋಡಿ ಚೂರು ಕೂಡಿಸುವ ತಂತ್ರಾಂಶ ಕೆಲಸ ಮಾಡಿತು. ಸೋತದ್ದು ಸ್ಕ್ಯಾನರ್ ಹಂತದಲ್ಲಿ. ಪ್ರತಿ ಚೂರನ್ನೂ ಕೈಯಲ್ಲಿ ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಹರಡಿ, ಎರಡೂ ಬದಿ ಚಿತ್ರ ತೆಗೆಯಬೇಕಿತ್ತು. ಕೋಟಿಗಟ್ಟಲೆ ಚೂರಿಗೆ ಆ ವೇಗ ಸಾಲಲಿಲ್ಲ. ಕೊನೆಗೆ ಮುಗಿದದ್ದು 23 ಮೂಟೆ, ಸುಮಾರು 91,000 ಪುಟ. ಇದನ್ನು ವೈಫಲ್ಯವೆಂದು ನಕ್ಕವರಿದ್ದಾರೆ. ಅವರಲ್ಲಿ ಬಹಳ ಮಂದಿ ಒಂದು ಮೂಟೆಯನ್ನೂ ಬಿಚ್ಚಿ ನೋಡಿದವರಲ್ಲ.

ಹರಿಯದೆ ಉಳಿದ ಕಡತವೇ 111 ಕಿಲೋಮೀಟರ್ ಉದ್ದ. ಅದರೊಳಗೆ ಒಬ್ಬ ಮನುಷ್ಯನನ್ನು ಹುಡುಕುವುದಕ್ಕೆ ಸ್ಟಾಸಿಯ ಕಾರ್ಡುಗಳನ್ನೇ ಹಿಡಿಯಬೇಕು. ಎಫ್ 16 ಕಾರ್ಡಿನಲ್ಲಿ ನಿಜವಾದ ಹೆಸರು, ಹುಟ್ಟಿದ ದಿನ, ಒಂದು ನೋಂದಣಿ ಸಂಖ್ಯೆ ಇರುತ್ತವೆ. ಹೆಸರುಗಳನ್ನು ಜೋಡಿಸಿರುವುದು ಉಚ್ಚಾರದ ಪ್ರಕಾರ, ಮಾಯರ್ ಎಂಬ ಹೆಸರನ್ನು ಹೇಗೆ ಬರೆದರೂ ಒಂದೇ ಕಡೆ ಬರುತ್ತದೆ. ಆ ಸಂಖ್ಯೆ ಹಿಡಿದು ಎಫ್ 22 ಕಾರ್ಡಿಗೆ ಹೋದರೆ ಅಲ್ಲಿ ಪ್ರಕರಣದ ಬಗೆ, ಗುಪ್ತನಾಮ, ನೋಡಿಕೊಂಡ ಅಧಿಕಾರಿ. ನಿಜನಾಮ, ಗುಪ್ತನಾಮ ಒಂದೇ ಕಾರ್ಡಿನಲ್ಲಿ ಸಿಗಬಾರದೆಂದೇ ಮಾಡಿದ ಏರ್ಪಾಟು ಇದು. ಅರ್ಜಿದಾರರನ್ನು ಹುಟ್ಟಿದ ದಿನ, ಹಿಂದಿನ ಹೆಸರು, ಹಳೆಯ ವಿಳಾಸ ಎಲ್ಲ ಕೇಳುವುದೂ ಇದಕ್ಕೇ. ಮ್ಯುಲರ್ ಎಂದಷ್ಟೇ ಬರೆದರೆ ಯಾವ ಮ್ಯುಲರ್ ಎಂದು ಹೇಳುವವರು ಯಾರು?

ಎಫ್ 16ರಲ್ಲಿ ಹೆಸರಿದ್ದ ಮಾತ್ರಕ್ಕೆ ಅವರು ಬಾತ್ಮೀದಾರರು ಎಂದಲ್ಲ. ಬೇಹುಗಾರಿಕೆಗೆ ಗುರಿಯಾದವರೂ ಬೇಹು ನಡೆಸಿದವರೂ ಒಂದೇ ಡ್ರಾಯರಿನಲ್ಲಿದ್ದಾರೆ. ಪೋಲೆಂಡಿನಲ್ಲಿ 2005ರಲ್ಲಿ ಇಂಥದ್ದೇ ಹೆಸರುಗಳ ದೊಡ್ಡ ಪಟ್ಟಿಯೊಂದು ಸೋರಿಕೆಯಾಯಿತು. ಅದರಲ್ಲಿ ಬಾತ್ಮೀದಾರರ ಜೊತೆಗೆ, ಬಾತ್ಮೀದಾರರಾಗಿ ಮಾಡಬಹುದೇ ಎಂದು ಅಲ್ಲಿನ ಹಿಂದಿನ ಗುಪ್ತ ಪೊಲೀಸರು ಗುರುತು ಹಾಕಿಕೊಂಡಿದ್ದವರೂ ಇದ್ದರು. ಯಾರು ಏನು ಎಂಬ ಗುರುತಿರಲಿಲ್ಲ. ಹೆಸರು ಕಂಡ ಕೂಡಲೇ ಜನ ತೀರ್ಮಾನ ಮಾಡಿಬಿಟ್ಟರು. ಕಾರ್ಡಿನಾಚೆ ಹೋಗಿ ಕಡತ ತೆಗೆದು ನೋಡುವ ತಾಳ್ಮೆ ಯಾರಿಗಿತ್ತು? ಸತ್ಯ ಹೊರಬರಲಿ ಎಂದು ಹೊರಟವರೇ ಆ ಅನ್ಯಾಯಕ್ಕೆ ದಾರಿ ಮಾಡಿದರು ಎಂಬುದು ಇನ್ನೂ ನೋಯಿಸುತ್ತದೆ.

ಜರ್ಮನಿಯಲ್ಲಿ ಇದನ್ನು ತಡೆದದ್ದು ಕಾನೂನು. 1990ರ ಸೆಪ್ಟೆಂಬರಿನಲ್ಲಿ, ಕಡತಗಳು ಕೈತಪ್ಪುತ್ತವೆಂಬ ಆತಂಕದಲ್ಲಿ ಹೋರಾಟಗಾರರು ಇದೇ ಕಟ್ಟಡದೊಳಗೆ ಕೂತು ಉಪವಾಸ ಮಾಡಿದ್ದರು. ಅವರ ಹಟದ ಫಲವಾಗಿ ಬಂದ ಕಾನೂನು 1991ರ ಡಿಸೆಂಬರ್ 29ರಂದು ಜಾರಿಯಾಯಿತು, ಜನವರಿ ಮೊದಲ ವಾರದಲ್ಲೇ ಜನ ತಮ್ಮ ಕಡತ ಓದಲು ಕೂತರು. ಯಾರ ಮೇಲೆ ಬೇಹುಗಾರಿಕೆ ನಡೆದಿತ್ತೋ ಅವರಿಗೆ ಮೊದಲ ಹಕ್ಕು, ಅದೂ ಶುಲ್ಕವಿಲ್ಲದೆ. ವರದಿ ಕೊಟ್ಟವನ ನಿಜನಾಮ ಕೇಳಿದರೆ, ಖಚಿತವಾಗಿ ಗೊತ್ತಾದಲ್ಲಿ ತಿಳಿಸುತ್ತಾರೆ. ಆದರೆ ಅದೇ ಪುಟದಲ್ಲಿ ಬರುವ ಮೂರನೆಯವರ ಕಾಯಿಲೆ, ಸಂಸಾರದ ಜಗಳ ಕಾಣಬಾರದು. ಅದಕ್ಕೆ ಮೂಲವನ್ನು ಮುಟ್ಟದೆ, ಪ್ರತಿ ತೆಗೆದು, ಪ್ರತಿಯ ಮೇಲೆ ಕಪ್ಪು ಬಳಿಯಬೇಕು, ಬಳಿದದ್ದನ್ನು ಬೆಳಕಿಗೆ ಹಿಡಿದರೂ ಅಕ್ಷರ ಕಾಣದಂತೆ ಮತ್ತೆ ಪ್ರತಿ ತೆಗೆಯಬೇಕು. ಒಂದೊಂದು ಸಾಲನ್ನೂ ಮನುಷ್ಯರೇ ಓದಬೇಕು. ಅರ್ಜಿದಾರರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುವುದು ಇದರಿಂದ. ಈವರೆಗೆ ಜನಸಾಮಾನ್ಯರಿಂದಲೇ 30 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದೆ.

ಯಾರಿಗೋಸ್ಕರ ಎಂಬ ಪ್ರಶ್ನೆಗೆ ಒಂದು ಉತ್ತರ ಆ ಸಂಖ್ಯೆಯಲ್ಲೇ ಇದೆ. ಇನ್ನೊಂದು, ಸುಳ್ಳು ಆಪಾದನೆಯ ಮೇಲೆ ಜೈಲು ಸೇರಿದವರದ್ದು. ಪರಿಹಾರಕ್ಕೆ ಅವರು ಆ ಶಿಕ್ಷೆ ರಾಜಕೀಯ ಕಾರಣದ್ದೆಂದು ತೋರಿಸಬೇಕು. 2019ರಲ್ಲಿ ಸಂಸತ್ತು ಆ ಅರ್ಜಿಯ ಗಡುವನ್ನೇ ತೆಗೆದುಹಾಕಿತು. ಮೂಟೆಯಲ್ಲಿರುವ ಅರ್ಧ ಹಾಳೆಯೇ ಒಬ್ಬರ ಏಕೈಕ ಸಾಕ್ಷಿಯಾಗಿರಬಹುದು. ಸ್ಟಾಸಿಯ ವಿದೇಶಿ ಬೇಹುಗಾರಿಕೆ ವಿಭಾಗಕ್ಕೆ ತನ್ನ ಕಡತಗಳನ್ನು ತಾನೇ ನಾಶಮಾಡಿಕೊಳ್ಳಲು 1990ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿದ್ದರು, ಕೊಟ್ಟವರಲ್ಲಿ ಹೋರಾಟಗಾರರೂ ಇದ್ದರು. ಅದು ದೊಡ್ಡ ತಪ್ಪು. ಮಾಸ್ಕೋದಲ್ಲಿ ಸ್ಟಾಲಿನ್ ಕಾಲದ ಬಲಿಪಶುಗಳ ಹೆಸರುಗಳನ್ನು ದಶಕಗಳ ಕಾಲ ಕೂಡಿಸಿದ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಬೇಕೆಂದು 2021ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆದೇಶಿಸಿತು. ತೆರೆದ ಬಾಗಿಲು ಮತ್ತೆ ಮುಚ್ಚಲು ಒಂದು ತೀರ್ಪು ಸಾಕು.

ಆ ಹಿರಿಯರು ಹೋಗಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತರು. ಆಕೆ ಚೂರನ್ನು ಇನ್ನೊಮ್ಮೆ ಮಗುಚಿದರು. ಮುಂಬದಿಯಲ್ಲಿ ಟೈಪ್ ಮಾಡಿದ ಮೂರು ಸಾಲು, ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಸಂಖ್ಯೆ. ಪಕ್ಕದ ಚೂರಿನ ಹಿಂಬದಿ ಖಾಲಿ. “ಇದು ಬೇರೆ ಪುಟದ್ದು” ಅಂದರು. ಜೋಡಿ ಸಿಗದ್ದನ್ನು ಎಸೆಯುವುದಿಲ್ಲ. ಸಣ್ಣ ಲಕೋಟೆಯೊಂದಕ್ಕೆ ಹಾಕಿ, ಮೇಲೆ ಮೂಟೆಯ ಸಂಖ್ಯೆ ಬರೆದು, ಪಕ್ಕದ ಪೆಟ್ಟಿಗೆಯಲ್ಲಿಟ್ಟರು. ಹಿರಿಯರು ಬಗ್ಗಿ ಆ ಸಂಖ್ಯೆಯನ್ನು ಓದಿದರು.